ಸುಡಬೇಕಾದ ಬಣ್ಣ

ನಡೀನ್: ಕೊಳೆ ಇತ್ತು, ಒರೆಸಿದೆ. ಅದಕ್ಕೆ ಇಷ್ಟೊಂದು ಯಾಕೆ ಕೂಗ್ತೀಯ?

ವರ್ಲಿನ್: ಅದು ಕೊಳೆಯಲ್ಲ ಕಣೆ! ಕಾರ್ಖಾನೆಯಲ್ಲಿ ಎಂಜಿನ್ ತಪಾಸಣೆ ಮಾಡಿದವನು ಹಾಕಿದ ಹಳದಿ ಗೀಟು!

ನಡೀನ್: ಅವನು ಯಾವಾಗ ಹಾಕಿದ್ದು?

ವರ್ಲಿನ್: ಎಪ್ಪತ್ತನೇ ಇಸವಿಯಲ್ಲಿ. ಅಂದ್ರೆ... ಅವನದ್ದು ಎಂದೋ ಅಳಿಸಿಹೋಗಿತ್ತು. ಅವನು ಹಾಕಿದ್ದ ಹಾಗೇ ನಾನು ಹಾಕಿದ್ದೆ. ಹೋದ ಮಾರ್ಚ್‌ನಲ್ಲಿ.

ನಡೀನ್: ಹಾಗಾದ್ರೆ ನಾನು ಒರೆಸಿದ್ದು ನನ್ನ ಗಂಡನ ಗೀಟು. ಬದುಕಿದೆ!

ಅಮೆರಿಕದ ಓಹಾಯೋದ ಆ ಕೌಂಟಿ ಮೈದಾನದ ಹುಲ್ಲಿನ ಮೇಲೆ ಎಂಬತ್ತು ಹಳೆಯ ಕಾರುಗಳು ಎಂಜಿನ್ ಮುಚ್ಚಳ ಎತ್ತಿ, ಬಾಯಿ ತೆರೆದು ಸಾಲಾಗಿ ನಿಂತಿದ್ದವು. ಪ್ರತಿ ಕಾರಿನ ಹಿಂದೆಯೂ ಎರಡು ಮಡಚುವ ಕುರ್ಚಿ, ಅದರಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ. ವರ್ಲಿನ್‌ನ ಕಾರಿನೊಳಗಿದ್ದದ್ದು ನಾನೂರ ಐವತ್ತನಾಲ್ಕು ಘನ ಅಂಗುಲದ ಎಂಜಿನ್. ಕಾರ್ಖಾನೆ ಬಿಟ್ಟ ದಿನ ಇದ್ದ ಹಾಗೇ ಇರುವ ಕಾರಿಗೆ ಅಂಕ ಕೊಡುವ ಈ ಸ್ಪರ್ಧೆಗೆ ಆ ಕಾರು ಬರುತ್ತಿದ್ದದ್ದು ಇದು ಒಂಬತ್ತನೆಯ ಬೇಸಿಗೆ. ಕಂಬಳಿ ಹೊದ್ದು, ಟ್ರೇಲರ್ ಮೇಲೆ ಮಲಗಿ ಬರುತ್ತಿತ್ತು; ಸ್ವಂತ ಚಕ್ರದ ಮೇಲೆ ಒಮ್ಮೆಯೂ ಬಂದದ್ದಿಲ್ಲ. ಹೋದ ವರ್ಷ ಸಾವಿರಕ್ಕೆ ಒಂಬೈನೂರ ತೊಂಬತ್ತೆಂಟು ಅಂಕ ಬಂದಿತ್ತು. ನೀರಿನ ಕೊಳವೆಯ ಪಟ್ಟಿಯ ಒಂದು ತಿರುಪು ಎಡಕ್ಕೆ ಮುಖ ಮಾಡಿದ್ದಕ್ಕೆ ಎರಡು ಹೋಗಿತ್ತು. ಆ ಎರಡು ಅಂಕಕ್ಕಾಗಿ ವರ್ಲಿನ್ ಚಳಿಗಾಲ ಪೂರ್ತಿ ಎಂಜಿನ್ ಬಿಚ್ಚಿ ಹೊಸದಾಗಿ ಬಣ್ಣ ಹೊಡೆದಿದ್ದ.

ನಡೀನ್: ನೋಡು, ಇವತ್ತು ನಮ್ಮ ಮದುವೆಯಾಗಿ ಮೂವತ್ತೊಂದು ವರ್ಷ. ನಾನು ಕೇಳಿದ್ದು ಒಂದೇ. ಈ ಕಾರಲ್ಲಿ ಕೂರಿಸ್ಕೊಂಡು ಕೆರೆ ರಸ್ತೆಯ ಐಸ್‌ಕ್ರೀಂ ಅಂಗಡಿ ತನಕ ಹೋಗಿಬಾ.

ವರ್ಲಿನ್: ನಮ್ಮ ವ್ಯಾನ್ ಇದೆಯಲ್ಲ. ಏಸಿನೂ ಇದೆ.

ನಡೀನ್: ಒಂಬತ್ತು ವರ್ಷದಿಂದ ಇದರ ಸೀಟನ್ನ ಗಾಜಿನಾಚೆಯಿಂದಲೇ ನೋಡ್ತಿದೀನಿ, ಮಾರಾಯ. ಸತ್ತವರನ್ನೂ ಇಷ್ಟು ದೂರದಿಂದ ನೋಡಲ್ಲ.

ವರ್ಲಿನ್: ಓಡಿಸಿದ್ರೆ ಅಂಕ ಹೋಗುತ್ತೆ ನಡೀನ್! ಈಗ ಆ ಬಣ್ಣದ ಕಡ್ಡಿ ಕೊಡು. ತೀರ್ಪುಗಾರರು ಬಂದ್ರು.

ಕಾರ್ಖಾನೆಯವನದ್ದರ ಹಾಗೆ ಸೊಟ್ಟಗೆ ಬರಲೆಂದು ಅವನು ಬಗ್ಗಿ ಗೀಟು ಎಳೆದ. ನೇರವಾಗಿ ಬಂತು. ಒರೆಸಿ ಮತ್ತೆ ಎಳೆದ. ಇನ್ನೂ ನೇರವಾಗಿ ಬಂತು. ಬೆವರು ಹರಿಯತೊಡಗಿತು. ನಡೀನ್ ಕಡ್ಡಿಯನ್ನು ಕಿತ್ತುಕೊಂಡು, ಬೇರೆಲ್ಲೋ ನೋಡುತ್ತಾ, ಪರಕ್ಕನೆ ಒಂದು ಗೀಚು ಗೀಚಿದಳು.

ವರ್ಲಿನ್: ಅಯ್ಯೋ, ಕೊಂದೆ ನನ್ನ!

ಅಷ್ಟರಲ್ಲಿ ತೀರ್ಪುಗಾರ ಆರ್ವಿಲ್ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ ಹಿಡಿದು, ಕಂಕುಳಲ್ಲಿ ಅಂಕದ ಹಾಳೆ ಇರುಕಿಕೊಂಡು ಎಂಜಿನ್ ಮೇಲೆ ಬಗ್ಗಿಯಾಗಿತ್ತು.

ಆರ್ವಿಲ್: ಓಹೋ! ಈ ಹಳದಿ ಗೀಟು ಹಾಕಿದ್ದು ಯಾರು?

ವರ್ಲಿನ್: ಸಾರ್, ಅದು ನನ್ನ ಹೆಂಡತಿ ಗೊತ್ತಿಲ್ಲದೆ...

ಆರ್ವಿಲ್: ಅದ್ಭುತ! ಮನೆಗೆ ಹೋಗೋ ಆತುರದಲ್ಲಿರೋ ಕೆಲಸಗಾರನ ಕೈ. ಬೇರೆಯವರೆಲ್ಲ ಅಳತೆ ಪಟ್ಟಿ ಇಟ್ಟು ಎಳೀತಾರೆ. ಇದಕ್ಕೆ ಪೂರ್ತಿ ಅಂಕ.

ನಡೀನ್: ಮೂವತ್ತೊಂದು ವರ್ಷ ಅಡುಗೆಮನೆಯಲ್ಲಿ ಕಲಿತದ್ದು ಸಾರ್.

ವರ್ಲಿನ್‌ಗೆ ಹೋದ ಜೀವ ಬಂತು. ಆರ್ವಿಲ್‌ನ ಕನ್ನಡಿ ಕೆಳಗಿಳಿಯಿತು. ಹೊಗೆ ಹೊರಹೋಗುವ ಎರಕದ ಕೊಳವೆಯ ಹತ್ತಿರ ನಿಂತಿತು. ಅಲ್ಲೇ ಬಹಳ ಹೊತ್ತು ನಿಂತಿತು.

ಆರ್ವಿಲ್: ಇಲ್ಲಿ ಕಿತ್ತಳೆ ಬಣ್ಣ ಬಿದ್ದಿದೆ.

ವರ್ಲಿನ್: ಬೀಳಲೇಬೇಕು ಸಾರ್! ಕಾರ್ಖಾನೆಯಲ್ಲಿ ಎಂಜಿನ್‌ಗೆ ಬಣ್ಣ ಹೊಡೆಯುವಾಗ ಈ ಕೊಳವೆಗೂ ಸಿಡೀತಿತ್ತು. ನಾನು ಬೇಕಂತಲೇ ಸಿಡಿಸಿದೀನಿ. ಹನ್ನೊಂದು ಸಲ ಅಭ್ಯಾಸ ಮಾಡಿ.

ಆರ್ವಿಲ್: ಸಿಡಿದಿರೋದು ಸರಿ. ಸುಟ್ಟಿಲ್ಲವಲ್ಲ?

ವರ್ಲಿನ್: ಸುಡೋದಾ?

ಆರ್ವಿಲ್: ಗಾಡಿ ಕಾರ್ಖಾನೆಯಿಂದ ಓಡಿಕೊಂಡೇ ಹೊರಗೆ ಬರುತ್ತಿತ್ತು. ಪರೀಕ್ಷೆಗೆ ಅಂತ ರಸ್ತೆಗೂ ಹೋಗ್ತಿತ್ತು. ಅಷ್ಟರಲ್ಲಿ ಇಲ್ಲಿನ ಬಣ್ಣ ಸುಟ್ಟು ಕಪ್ಪಾಗಬೇಕು. ನಿಮ್ಮ ಕಾರು ಇನ್ನೂ ಹುಟ್ಟೇ ಇಲ್ಲ. ಆರು ಅಂಕ ಕಳೀತೀನಿ.

ವರ್ಲಿನ್ ಕುರ್ಚಿ ಹುಡುಕಿಕೊಂಡು ಕೂತ.

ನಡೀನ್: ಎಷ್ಟು ದೂರ ಓಡಿಸಿದ್ರೆ ಸುಡುತ್ತೆ ಸಾರ್?

ಆರ್ವಿಲ್: ಹತ್ತು ಮೈಲಿ ಧಾರಾಳ. ಮೂರು ಗಂಟೆಯೊಳಗೆ ತಂದು ನಿಲ್ಲಿಸಿದ್ರೆ ಮತ್ತೆ ನೋಡ್ತೀನಿ.

ನಡೀನ್: ಐಸ್‌ಕ್ರೀಂ ಅಂಗಡಿಗೆ ಹೋಗಿಬಂದ್ರೆ ಸರಿಯಾಗಿ ಹತ್ತು ಮೈಲಿ! ಏಳು ವರ್ಲಿನ್, ಏಳು!

ವರ್ಲಿನ್ ಜಿಗಿದೆದ್ದ. ಅವಳಿಗಾಗಿ ಪಕ್ಕದ ಬಾಗಿಲನ್ನೂ ತೆರೆದ. ತೆರೆದವನು ಹಾಗೇ ನಿಂತ.

ವರ್ಲಿನ್: ಸಾರ್... ಈ ಪಕ್ಕದ ಸೀಟಿಗೆ ಕಾರ್ಖಾನೆಯವರು ಹಾಕಿದ ಹಾಗಿರೋ ಪ್ಲಾಸ್ಟಿಕ್ ಹೊದಿಕೆ?

ಆರ್ವಿಲ್: ಪರೀಕ್ಷೆ ಮಾಡುವವನು ಒಬ್ಬನೇ ಹೋಗ್ತಿದ್ದ. ಅವನ ಸೀಟಿನ ಹೊದಿಕೆ ಸುಕ್ಕಾಗಿರಬೇಕು. ಪಕ್ಕದ್ದು ಸುಕ್ಕಾದ್ರೆ ಎರಡು ಅಂಕ.

ವರ್ಲಿನ್ ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಹೆಂಡತಿಯ ಮುಖ ನೋಡಲಿಲ್ಲ.

ವರ್ಲಿನ್: ನಾನೊಬ್ಬನೇ ಹೋಗಿಬರ್ತೀನಿ ಕಣೆ. ನಿನಗೆ ಐಸ್‌ಕ್ರೀಂ ತಂದುಕೊಡ್ತೀನಿ. ಎರಡು ಉಂಡೆದು.

ನಡೀನ್ ತೀರ್ಪುಗಾರನ ಕಡೆ ತಿರುಗಿದಳು.

ನಡೀನ್: ಸಾರ್, ಆ ಒಬ್ಬರು ಇಂಥವರೇ ಆಗಿರಬೇಕು ಅಂತ ನಿಯಮ ಇದೆಯಾ?

ಆರ್ವಿಲ್: (ಹಾಳೆ ತಿರುವಿ) ಇಲ್ಲಮ್ಮ.

ಕಾರಿನ ಬೀಗದ ಕೈ ವರ್ಲಿನ್‌ನ ಬೆರಳಿನಿಂದ ಜಾರಿ ಹೆಂಡತಿಯ ಕೈ ಸೇರಿದ್ದು ಅವನಿಗೆ ತಿಳಿಯಲೇ ಇಲ್ಲ.

ವರ್ಲಿನ್: ನಡೀನ್! ನಾಲ್ಕು ಗೇರಿನ ಗಾಡಿ ಅದು! ಕ್ಲಚ್ಚು ಗಟ್ಟಿ ಇದೆ!

ನಡೀನ್: ಹದಿಮೂರು ವರ್ಷಕ್ಕೇ ಅಪ್ಪನ ಜೋಳದ ಲಾರಿ ಓಡಿಸಿದವಳು ನಾನು. ನೀನು ಕುರ್ಚಿ ಕಾಯ್ತಿರು.

ಎಂಜಿನ್ ಗುಡುಗಿತು. ಮೈದಾನದ ಗಂಡಂದಿರೆಲ್ಲ ಕುರ್ಚಿಯಿಂದೆದ್ದರು. ತನ್ನ ಎಂಜಿನ್ ರಸ್ತೆಗೆ ಬಿದ್ದು ಹೇಗೆ ಕೂಗುತ್ತದೆಂದು ವರ್ಲಿನ್ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಎದೆಯ ಗೂಡು ಅದುರಿತು.

ಮೂರಕ್ಕೆ ಐದು ನಿಮಿಷವಿದ್ದಾಗ ಆ ಸದ್ದು ಮರಳಿ ಬಂತು. ಮೈದಾನದ ಗೇಟಿನ ಮುಂದೆ ಬಂತು. ಕಿಟಕಿಯಿಂದ ಒಂದು ಕೈ ಬೀಸಿತು. ಕಾರು ಗೇಟು ದಾಟಿ ನೇರ ಹೊರಟೇಹೋಯಿತು.

ಆರ್ವಿಲ್: ವರ್ಲಿನ್, ಸಮಯವಾಯ್ತು. ಗಾಡಿ ಇಲ್ಲದಿದ್ರೆ ಸೊನ್ನೆ ಬರೀಬೇಕಾಗುತ್ತೆ.

ವರ್ಲಿನ್: ಶ್! ಬರ್ಕೊಳ್ಳಿ ಸಾರ್, ಸದ್ದು ಮಾಡ್ಬೇಡಿ. ಈಗ ನಾಲ್ಕನೇ ಗೇರಿಗೆ ಹಾಕ್ತಾಳೆ.