ತೋಟ ಓರೆಯಾಗಿದೆ ಎಂದ ಪರಮಶಿವಯ್ಯನವರಿಗೆ

ಹಾಲ್ಕುರಿಕೆ ಕಡೆಯ ತೆಂಗಿನ ತೋಟದ ಯಜಮಾನರೂ, ಕೊಬ್ಬರಿಯ ಮಾತು ಬಂದರೆ ಸುತ್ತಲಿನವರೆಲ್ಲ ಕಿವಿಗೊಟ್ಟು ಕೇಳುವಂಥ ಹಿರಿಯರೂ ಆದ ಶ್ರೀ ಪರಮಶಿವಯ್ಯನವರಿಗೆ, ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡ್ ಎದುರು ಫೋಟೋ ಸ್ಟುಡಿಯೋ ಇಟ್ಟುಕೊಂಡು, ಕರೆದವರ ತೋಟದ ಮೇಲೆ ಡ್ರೋನ್ ಹಾರಿಸಿ ಚಿತ್ರ ತೆಗೆದುಕೊಡುವ ನಿರ್ಮಲಾ, ನಾಲ್ಕು ಜನರ ಎದುರಿಗೆ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು, ತಮ್ಮ ಧರ್ಮಪತ್ನಿ ಸಿದ್ದಗಂಗಮ್ಮನವರು, ಕೊಟ್ಟಿಗೆಯ ಹಸುಗಳು, ಅಟ್ಟದ ಮೇಲೆ ಒಣಗುತ್ತಿರುವ ಕಾಯಿಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ ಎಂದು ಬರೆಯುವುದು ವಾಡಿಕೆಯಂತೆ. ಆದರೆ ಹಾಗೆ ಬರೆದರೆ ಸುಳ್ಳಾದೀತೆಂಬ ಹೆದರಿಕೆಯಿಂದ ಆ ಸಾಲನ್ನು ಬಿಟ್ಟಿದ್ದೇನೆ. ಶಾಲೆಯಲ್ಲಿ ಪತ್ರ ಬರೆಯುವುದನ್ನು ಹೇಳಿಕೊಟ್ಟ ವರ್ಷ ನಾನು ಅರ್ಧ ದಿನ ಕ್ಲಾಸಿನಲ್ಲಿ ಅರ್ಧ ದಿನ ಕುರಿ ಹಿಂದೆ ಇದ್ದವಳು, ಮರುವರ್ಷ ಪೂರ್ತಿ ಕುರಿ ಹಿಂದೆಯೇ ಹೋದವಳು. ಆದ್ದರಿಂದ 'ಮಾನ್ಯರೇ' ಎಂದರೆ ಸಾಕೋ, 'ಸನ್ಮಾನ್ಯರೇ' ಎನ್ನಬೇಕೋ ಎಂಬ ಚಿಂತೆ ಹತ್ತಿ ನಿನ್ನೆ ಊಟ ಸೇರಲಿಲ್ಲ. ಸಂಬೋಧನೆ ಚಿಕ್ಕದಾಯಿತೆಂದು ತಮಗೆ ಕಂಡರೆ ದಯವಿಟ್ಟು ದೊಡ್ಡದು ಮಾಡಿಕೊಂಡು ಓದಬೇಕು.

ಬರೆಯುವ ಕಾರಣವೇನೆಂದರೆ, ಬರುವ ಸೋಮವಾರ ನಮ್ಮ ಭಾಗದ ತೆಂಗು ಬೆಳೆಗಾರರ ಕೂಟದ ಸಭೆ. ಮರದ ಸುಳಿ ಕೊರೆಯುವ ದುಂಬಿ ಯಾರ್ಯಾರ ತೋಟದಲ್ಲಿ ಯಾವ್ಯಾವ ಮರ ಹಿಡಿದಿದೆ ಎಂದು ಮೇಲಿನಿಂದ ಚಿತ್ರ ತೆಗೆದು ತೋರಿಸುವ ಕೆಲಸವನ್ನು ನನಗೆ ಕೊಡುವುದೋ ಬಿಡುವುದೋ ಎಂದು ಅಲ್ಲಿ ತೀರ್ಮಾನವಾಗುತ್ತದೆ. ಕೂಟದ ಅಧ್ಯಕ್ಷರಾದ ಬಸವಕುಮಾರ್ ಅವರನ್ನು ನಾನು ಮೂರು ತಾಲ್ಲೂಕಿನ ಸಂಕಟವನ್ನೂ ಮುಖದ ಮೇಲೆ ಹೊತ್ತುಕೊಂಡು ಹೋಗಿ ಕೇಳಿದಾಗ, "ನೀವ್ ತೆಗ್ದಿರೋ ಫೋಟೋದಾಗಿರೋದು ನಮ್ ತೋಟಾನೇ ಅಂತ ಪರಮಶಿವಯ್ಯನೋರು ಒಂದ್ ಮಾತು ಅಂದ್ಬುಟ್ರೆ ಮುಗೀತು ಕಣ್ರೀ, ಅವ್ರು ಅಲ್ಲ ಅಂತ ಕುಂತ್ರೆ ನಾನೇನ್ ಮಾಡ್ಲಿ" ಎಂದರು. ಹೀಗಾಗಿ ನನ್ನ ಕಸುಬು ಈಗ ತಮ್ಮ ನಾಲಿಗೆಯ ತುದಿಯಲ್ಲಿ ಕುಳಿತಿದೆ. ಅದು ಅಲ್ಲಿಂದ ಜಾರಿದರೆ, ಡ್ರೋನನ್ನು ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೂವಿನ ಪಕ್ಕ ಇಟ್ಟು, ನಾನು ಮತ್ತೆ ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬಂದವರ ಗಲ್ಲ ಎತ್ತಿಸುತ್ತಾ ಆಯಸ್ಸು ಕಳೆಯಬೇಕಾಗುತ್ತದೆ.

ತಾವು ನನ್ನನ್ನು ಮೊದಲ ಸಲ ತೋಟಕ್ಕೆ ಕರೆಸಿದ ದಿನ ತೋರಿದ ಎಚ್ಚರಿಕೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬೇರೆಯವರಾದರೆ ಇದು ಎಷ್ಟು ದೂರ ಹೋಗುತ್ತದೆ, ಬಿದ್ದರೆ ಯಾರ ತಲೆ ಮೇಲೆ ಬೀಳುತ್ತದೆ ಎಂದೆಲ್ಲ ಕೇಳಿ ಕಾಲ ಹಾಳು ಮಾಡುತ್ತಾರೆ. ತಾವು ಏನನ್ನೂ ಕೇಳಲಿಲ್ಲ. ನಾನು ಬ್ಯಾಟರಿ ತೆಗೆಯಲು ಚೀಲದ ಕಡೆ ಬಗ್ಗಿದ್ದೇ ತಡ, ಡ್ರೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕಿವಿಗೆ ಹತ್ತಿರ ಹಿಡಿದು, ಅಟ್ಟದಿಂದ ಇಳಿಸಿದ ಕಾಯಿಯನ್ನು ಅಲ್ಲಾಡಿಸಿ ನೋಡುವ ಹಾಗೆ ಅಲ್ಲಾಡಿಸಿದಿರಿ. ಒಳಗೆ ನೀರು ಗುಳುಗುಳು ಎಂದರೆ ಕಾಯಿ ಇನ್ನೂ ಅಟ್ಟದಲ್ಲೇ ಇರಬೇಕು, ಲೊಡಲೊಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಇನ್ನು ಒಡೆಯಬಹುದು ಎಂಬುದು ತಿಪಟೂರು ಸೀಮೆಯ ಕೂಸಿಗೂ ಗೊತ್ತಿರುವ ಸಂಗತಿ. ಆದರೆ ಆ ಕಾನೂನು ಡ್ರೋನಿಗೂ ಅನ್ವಯಿಸುತ್ತದೆಂದು ಕಂಡುಹಿಡಿದವರು ಜಗತ್ತಿನಲ್ಲಿ ತಾವೊಬ್ಬರೇ ಇರಬೇಕು. ಅದರ ಕ್ಯಾಮೆರಾ ಎಳೆಗರುವಿನ ಕತ್ತಿನ ಹಾಗೆ ಸಡಿಲವಾಗಿ ತೂಗುವಂಥದ್ದು; ಆಫ್ ಆಗಿರುವಾಗ ಹಿಡಿದು ಕುಲುಕಿದರೆ ಲೊಡಲೊಡ ಎನ್ನದೆ ಇನ್ನೇನು ಮಾಡೀತು? ತಾವು ಸಾಕಷ್ಟು ಹೊತ್ತು ಕೇಳಿ, ಸಿದ್ದಗಂಗಮ್ಮನವರ ಕಿವಿಗೂ ಹಿಡಿದು ಕೇಳಿಸಿ, "ಒಣಗೈತೆ ಕಣವ್ವ, ಒಳ್ಳೆ ಮಾಲು, ಹಾರ್ಸು" ಎಂದು ಅಪ್ಪಣೆ ಕೊಟ್ಟಿರಿ. ಹಿರಿಯರ ಕೈಯಿಂದ ಸಾಮಾನು ಕಿತ್ತುಕೊಳ್ಳುವುದನ್ನು ನಮ್ಮ ಮನೆಯಲ್ಲಿ ಕಲಿಸಿಲ್ಲವಾದ್ದರಿಂದ ನಾನು "ಹೂಂ ಅಪ್ಪಾಜಿ" ಎಂದೆ.

ಆಮೇಲೆ ನಡೆದದ್ದು ಹಾಲ್ಕುರಿಕೆಯಿಂದ ಹುಳಿಯಾರಿನವರೆಗೆ ಎಲ್ಲರ ಬಾಯಲ್ಲೂ ಇದೆ. ಆ ದಿನ ಬೋರನಕಣಿವೆ ಕಡೆಯಿಂದ ಗಾಳಿ ಏಳುತ್ತದೋ ಏನೋ, ಗರುಡ ಬಂದು ಎರಗುತ್ತದೋ ಏನೋ ಎಂದು ನಾನು ಆಕಾಶವನ್ನೇ ನೋಡುತ್ತಿದ್ದೆ. ಬಿಸಿಲಿಗೆ ಫೋನಿನ ಪರದೆಯಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನೆರಳಿಗೆ ಬಂದು ತೆರೆದು ನೋಡಿದರೆ, ತಾವು ಕುಲುಕಿದ ಕುಲುಕಿಗೆ ಕ್ಯಾಮೆರಾದ ಕತ್ತು ಉಳುಕಿ, ತಮ್ಮ ತೋಟ, ಪಂಪ್‌ಮನೆ, ಹುಲ್ಲಿನ ಬಣವೆ, ಆಚೆಯ ಚಿಕ್ಕನಾಯಕನಹಳ್ಳಿ ಗುಡ್ಡಗಳು ಎಲ್ಲವೂ ಒಟ್ಟಾಗಿ ಎಡಗಡೆಗೆ ವಾಲಿಕೊಂಡಿದ್ದವು. ತಾವು ಕನ್ನಡಕ ಒರೆಸಿ ಹಾಕಿಕೊಂಡು ನೋಡಿ, "ಇದು ನನ್ ತೋಟ ಅಲ್ಲ ಕಣವ್ವ, ಈ ತೋಟ ಓರೆ ಐತೆ, ನನ್ ತೋಟಕ್ಕೆ ನೀರು ಬುಟ್ರೆ ನಾಕ್ ಮೂಲೇಲೂ ಸಮ ನಿಲ್ತದೆ" ಎಂದಿರಿ. ನಾನು ಪಂಪ್‌ಮನೆ ತೋರಿಸಿದೆ; ಪಂಪ್‌ಮನೆ ಯಾರಿಗಿಲ್ಲ ಎಂದಿರಿ. ಹಸು ತೋರಿಸಿದೆ, ಮೇಲಿಂದ ನೋಡಿದರೆ ಎಲ್ಲ ಹಸುವೂ ಒಂದೇ ಎಂದಿರಿ. ನಿಮ್ಮ ಕುಲುಕಾಟದಿಂದಲೇ ಹೀಗಾಯಿತು ಎನ್ನುವ ಮಾತು ನನ್ನ ಗಂಟಲಿನವರೆಗೂ ಬಂದು, ಸಿದ್ದಗಂಗಮ್ಮನವರು ಮಜ್ಜಿಗೆ ತಂದುಕೊಟ್ಟಿದ್ದರಿಂದ ಅದರ ಜೊತೆ ಒಳಗೆ ಇಳಿದುಹೋಯಿತು.

ನಾನು ಮಾಡಬಾರದಿದ್ದ ಕೆಲಸವೆಂದರೆ ಮನೆಗೆ ಹೋಗಿ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿಕೊಂಡು ಬಂದದ್ದು. ತಾವು ಸಂತೋಷಪಡುತ್ತೀರೆಂದು ನಂಬಿದ್ದೆ. ತಾವು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಕೊಬ್ಬರಿ ಅಂಗಡಿಯ ಜಗಲಿಯ ಮೇಲೆ ಕುಳಿತಿದ್ದವರಿಗೆಲ್ಲ ತೋರಿಸಿ, "ನಿನ್ನೆ ಓರೆ ಇತ್ತು, ಇವತ್ತು ನೆಟ್ಟಗಾಗೈತೆ, ರಾತ್ರೋರಾತ್ರಿ ತೋಟ ತಿದ್ದೋಳು ನಾಳೀಕೆ ನಿಮ್ ತೋಟದಾಗೆ ದುಂಬಿ ತಂದು ಬುಡ್ದೆ ಇರ್ತಾಳಾ" ಎಂದು ಕೇಳಿದಿರಿ. ಸಂಜೆಯ ಹೊತ್ತಿಗೆ ನಾನು ಕೇರಳದ ಯಾರದೋ ತೋಟವನ್ನು ತಂದು ತಿಪಟೂರಿನಲ್ಲಿ ಮಾರುತ್ತಿದ್ದೇನೆ ಎಂದಾಗಿತ್ತು. ತುರುವೇಕೆರೆಯ ವೆಂಕಟಯ್ಯನವರು ತಮ್ಮ ಮಗಳ ಹೊಸ ಮನೆಯ ಚಿತ್ರ ತೆಗೆಯಲು ಕರೆದಿದ್ದವರು, "ಪರಮಶಿವಯ್ಯನ ತೋಟದ್ದು ಒಂದ್ ಇತ್ಯರ್ಥ ಆಗ್ಲಿ ತಡಿಯವ್ವ" ಎಂದು ಫೋನಿಟ್ಟರು. ತಮ್ಮ ಪಕ್ಕದ ತೋಟದ ಭೈರಮ್ಮನವರಂತೂ, ಅಂದಿನಿಂದ ಅವರ ಮರಗಳಲ್ಲಿ ಉದುರಿದ ಪ್ರತಿಯೊಂದು ಹೀಚನ್ನೂ ನನ್ನ ಡ್ರೋನಿನ ಗಾಳಿಯ ಲೆಕ್ಕಕ್ಕೆ ಹಾಕಿ, ಮಡಿಲಲ್ಲಿ ತುಂಬಿಕೊಂಡು ಸ್ಟುಡಿಯೋಕ್ಕೇ ಬಂದು ಮೇಜಿನ ಮೇಲೆ ಸುರಿದು ಹೋದರು. "ಹಾರ್ಸಿದ್ದು ನೀನು, ಇವನ್ನ ವಾಪಸ್ ಅಂಟ್ಸೋಳು ಯಾರು" ಎಂದು ಅವರು ಕೇಳಿದ ರೀತಿಯಲ್ಲಿ ನ್ಯಾಯ ಎಷ್ಟಿತ್ತೆಂದರೆ, ಒಂದು ಗಳಿಗೆ ನಾನು ಗೋಂದಿನ ಡಬ್ಬಿಯ ಕಡೆ ನೋಡಿದ್ದು ನಿಜ.

ಮಾನ್ಯರೇ, ಅಪನಂಬಿಕೆಯೆಂಬುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಸಾಮಾನ್ಯರು ಕಂಡದ್ದನ್ನು ನಂಬಿ ಕಾಣದ್ದನ್ನು ಅನುಮಾನಿಸುತ್ತಾರೆ. ತಾವು ಕಾಣದ್ದನ್ನು ಅಲ್ಲಾಡಿಸಿ ನಂಬಿ, ಕಂಡದ್ದನ್ನು ಕೈಯಲ್ಲೇ ಹಿಡಿದುಕೊಂಡು ಅನುಮಾನಿಸುತ್ತೀರಿ. ತಮ್ಮಂಥವರ ಮನಸ್ಸಿಗೆ ಒಪ್ಪುವ ಪುರಾವೆ ಒದಗಿಸುವುದು ನನ್ನ ಕರ್ತವ್ಯವೆಂದು ತಿಳಿದು ಒಂದೆರಡು ಬಿನ್ನಹ ಮಾಡಿಕೊಳ್ಳುತ್ತೇನೆ. ತಮ್ಮ ಮರಗಳಿಗೆ ಹೇಳಿ, ಇನ್ನು ಮುಂದೆ ಬಿಡುವ ಗರಿಗಳನ್ನು ತಮ್ಮ ಹೆಸರಿನ ಮೊದಲಕ್ಷರದ ಆಕಾರದಲ್ಲಿ ಬಿಡುವಂತೆ ಏರ್ಪಾಡು ಮಾಡಬೇಕು. ಅದು ಆಗದಿದ್ದರೆ, ತಮ್ಮ ತೋಟದ ಮೇಲೆ ದಿನವೂ ಸುತ್ತು ಹಾಕುವ ಗರುಡನನ್ನು ಸಾಕ್ಷಿಗೆ ಕರೆಸಬೇಕು. ಆ ತೋಟವನ್ನು ಮೇಲಿನಿಂದ ನೋಡಿ ರೂಢಿಯಿರುವವರು ನನ್ನನ್ನು ಬಿಟ್ಟರೆ ಅವರೊಬ್ಬರೇ, ಮತ್ತು ಅವರಿಗೆ ಕಂಪ್ಯೂಟರ್ ಬಾರದು. ಅದೂ ಆಗದಿದ್ದರೆ, ತಾವೇ ದಯಮಾಡಿ ಒಂದು ಗಳಿಗೆ ಮೋಡದ ಮೇಲೆ ಕುಳಿತು, ಬಗ್ಗಿ ನೋಡಿ, ಅಲ್ಲಿಂದಲೇ ಹೂಂ ಎಂದರೂ ನನಗೆ ಕೇಳಿಸುತ್ತದೆ. ಆ ಹೂಂ ಒಂದನ್ನು ಕೇಳಲು ಈಚೆಗೆ ನನ್ನ ಕಿವಿ ಬಹಳ ಚುರುಕಾಗಿದೆ.

ಇಷ್ಟರಲ್ಲಿ ದಾರಿ ತೋರಿಸಿದವರು ಸಿದ್ದಗಂಗಮ್ಮನವರು ಎಂಬುದನ್ನು ನಾಲ್ಕು ಜನರ ಎದುರು ಹೇಳಲೇಬೇಕು. "ನೀವೇ ಹೋಗಿ ತೋಟದ ನಡೂಕೆ ನಿಂತ್ಕಳ್ರಿ, ಅವ್ಳು ಇನ್ನೊಂದ್ ಸಲ ತೆಗೀಲಿ, ನಿಮ್ಮನ್ನ ನೀವೇ ಗುರ್ತು ಹಿಡೀದೆ ಇರ್ತೀರಾ" ಎಂದು ಅವರು ತಮಗೆ ಹೇಳಿದ್ದು ನನಗೆ ದೇವರು ಹೇಳಿದ ಹಾಗೆ ಕೇಳಿಸಿತು. ನಾನು ಕ್ಯಾಮೆರಾದ ಕತ್ತು ಸರಿಮಾಡಿಸಿಕೊಂಡು, ಈ ಸಲ ಡ್ರೋನನ್ನು ಸೆರಗಿನೊಳಗೆ ಇಟ್ಟುಕೊಂಡೇ ಬಂದೆ. ತಾವು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕನ್ನಡಿಯ ಮುಂದೆ ನಿಂತು ತಲೆ ಬಾಚಿ, ಹಸಿರು ಟವೆಲನ್ನು ಹೆಗಲಿಗೆ ಹಾಕಿಕೊಂಡು, ತೋಟದ ನಡುವಿನ ಬಯಲು ಜಾಗದಲ್ಲಿ ಮದುವೆ ಗಂಡಿನ ಹಾಗೆ ನಿಂತಿರಿ. ಚಿತ್ರ ಬಂತು. ಗುಡ್ಡಗಳು ನೆಟ್ಟಗಿದ್ದವು, ತೋಟ ಸಮವಾಗಿತ್ತು, ಹಸಿರು ಟವೆಲ್ಲು ಸಮೇತ ಒಬ್ಬ ಮಹನೀಯರು ನಡುವೆ ನಿಂತಿದ್ದರು. ತಾವು ಫೋನನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿ, "ಇವ್ನ್ಯಾರು ಬೋಳ್ ನೆತ್ತಿಯೋನು, ನನ್ ತೋಟದಾಗೆ ಇವ್ನಿಗೇನ್ ಕೆಲ್ಸ" ಎಂದಿರಿ.

ನನ್ನ ತೋಟದಲ್ಲಿ ಎಂದಿರಿ. ನಾನು ಕೈಮುಗಿದು, "ನಿಮ್ ತೋಟಾನೇ ಅಲ್ವಾ ಅಪ್ಪಾಜಿ" ಎನ್ನುವುದಕ್ಕೂ ಹಿಂದಿನಿಂದ ಸಿದ್ದಗಂಗಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು, "ಅದು ನಿಮ್ದೇ ಕಣ್ರೀ ನೆತ್ತಿ. ಕನ್ನಡೀಗೆ ಮುಂದ್ಗಡೆ ಕಾಣೋದು, ಹಿಂದಿಂದು ನಂಗೆ ಕಾಣೋದು, ಬೇಜಾರಾಗ್ತೀರಾ ಅಂತ ಇಷ್ಟ್ ವರ್ಷ ಸುಮ್ನಿದ್ದೆ" ಎನ್ನುವುದಕ್ಕೂ ಸರಿಹೋಯಿತು. ತಾವು ಕೈಯನ್ನು ನೆತ್ತಿಯ ಕಡೆಗೆ ಒಯ್ದು, ಅರ್ಧಕ್ಕೇ ಇಳಿಸಿ, ಫೋನನ್ನು ನನ್ನ ಕೈಗಿಟ್ಟು, "ಅವ್ನು ನಾನಲ್ಲ, ಅಂದ್ಮೇಲೆ ತೋಟಾನೂ ನಂದಲ್ಲ" ಎಂದು ಹೇಳಿ ಮನೆಯ ಕಡೆ ಹೊರಟಿರಿ.

ತಾವು ಅಲ್ಲವೆಂದ ಮೇಲೆ ಅಲ್ಲ. ಆ ಚಿತ್ರದಲ್ಲಿರುವವರು ಯಾರೋ ಅಪರಿಚಿತರು. ಹಾಗೆಂದುಕೊಂಡೇ ಅವರ ವಿಷಯವನ್ನು ಬಹಿರಂಗವಾಗಿ ಬರೆಯುವ ಧೈರ್ಯ ಮಾಡಿದ್ದೇನೆ. ಅವರ ತಲೆಯ ಬಗ್ಗೆ ನನಗೆ ಯಾವ ದೂರೂ ಇಲ್ಲ, ಒಳ್ಳೆಯ ಕಳೆಯೇ ಇದೆ. ನನ್ನ ನಿದ್ದೆ ಕೆಡಿಸಿರುವುದು ಅವರ ಸುತ್ತಲಿನ ಮರಗಳು. ಆ ಮಹನೀಯರ ಬೆನ್ನ ಹಿಂದಿನ ಸಾಲಿನಲ್ಲಿ ಮೂರ್ನಾಲ್ಕು ಮರಗಳ ಎಳೆಗರಿಗಳು ಕತ್ತರಿ ಹಾಕಿದ ಹಾಗೆ ತ್ರಿಕೋನವಾಗಿ ಕತ್ತರಿಸಿಹೋಗಿವೆ. ಅದು ದುಂಬಿಯ ಕೆಲಸ. ಬುಡದಲ್ಲಿ ನಿಂತು ಕತ್ತೆತ್ತಿದರೆ ಹಳೆಯ ಗರಿಗಳ ಮರೆಗೆ ಕಾಣುವುದಿಲ್ಲ. ತಾವು ದಿನವೂ ಅದರ ಕೆಳಗೇ ಓಡಾಡಿದರೂ ಕಾಣುವುದಿಲ್ಲ. ಈಗಲೇ ನೋಡಿಕೊಂಡರೆ ಮರ ಉಳಿಯಬಹುದು ಎಂದು ತಿಳಿದವರು ಹೇಳುತ್ತಾರೆ. ಬಿಟ್ಟರೆ ಅದು ಬೇಲಿ ದಾಟಿ ಭೈರಮ್ಮನವರ ತೋಟಕ್ಕೆ ಹೋಗುತ್ತದೆ, ಆಗ ಅವರು ಮತ್ತೆ ನನ್ನ ಮೇಜಿನ ಹತ್ತಿರವೇ ಬರುತ್ತಾರೆ. ಯಾರ ತೋಟವೋ ಏನೋ, ಆದರೆ ಆ ತೋಟದ ಯಜಮಾನರಿಗೆ ಯಾರಾದರೂ ಇದನ್ನು ತಿಳಿಸಿದರೆ ಪುಣ್ಯ ಬರುತ್ತದೆ.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಬೇಡುವುದಿಷ್ಟೇ. ಸೋಮವಾರದ ಸಭೆಗೆ ತಾವು ಬರಬೇಕು, ಬಸವಕುಮಾರ್ ಅವರು ತಮ್ಮ ಕಡೆ ತಿರುಗಿ ಕೇಳಿದಾಗ ಅದು ನನ್ನ ತೋಟ ಎಂದು ಹೇಳಬೇಕು. ಓರೆಯೋ ನೆಟ್ಟಗೋ ಎಂಬ ಮಾತನ್ನು ಎತ್ತಬೇಕಾದ ಅಗತ್ಯ ಬೀಳುವುದಿಲ್ಲ, ನಾನೂ ಯಾರು ಏನನ್ನು ಕುಲುಕಿದರು ಎಂಬ ಮಾತನ್ನು ಎತ್ತುವುದಿಲ್ಲ. ಈ ಪತ್ರದಲ್ಲಿ ಎತ್ತಿದ್ದೇನಲ್ಲ ಎಂದು ತಾವು ಕೇಳಬಹುದು. ಬರೆದು ಮುಗಿಸಿದ ಮೇಲೆ ನನಗೂ ಅದೇ ಚಿಂತೆ ಹತ್ತಿದೆ, ಆದರೆ ಹೊಡೆದುಹಾಕಿದರೆ ಕಾಗದ ಗಲೀಜಾಗಿ ಕಾಣುತ್ತದೆಂದು ಹಾಗೇ ಬಿಟ್ಟಿದ್ದೇನೆ.

ಇಂತಿ,
ತಮ್ಮ ನಂಬಿಕೆಗೆ ಇನ್ನೂ ಪಾತ್ರಳಾಗದಿದ್ದರೂ
ತಮ್ಮ ವಿಶ್ವಾಸಿ,
ನಿರ್ಮಲಾ

ಮರೆತ ಮಾತು: ಸಭೆಯಲ್ಲಿ ಎಲ್ಲರಿಗೂ ಕಾಣುವಂತೆ ಗೋಡೆಯಗಲದ ಪರದೆಯ ಮೇಲೆ ಒಂದು ಮಾದರಿ ಚಿತ್ರ ಹಾಕಬೇಕೆಂದು ಬಸವಕುಮಾರ್ ಅವರು ಕೇಳಿದ್ದಾರೆ. ಬಹಳ ಸ್ಪಷ್ಟವಾಗಿ ಬಂದಿರುವುದು ಟವೆಲಿನ ಮಹನೀಯರು ನಿಂತಿರುವ ಚಿತ್ರವೇ. ಹಿಗ್ಗಿಸಿದರೆ ನೆತ್ತಿ ಒಂದು ರೊಟ್ಟಿ ಹೆಂಚಿನಷ್ಟು ಅಗಲಕ್ಕೆ ಬರುತ್ತದೆ. ಅವರು ತಾವಲ್ಲವೆಂದು ತಾವೇ ಹೇಳಿರುವುದರಿಂದ, ಅದನ್ನು ಹಾಕಲು ತಮ್ಮ ಒಪ್ಪಿಗೆ ಕೇಳಬೇಕಾದ ಪ್ರಮೇಯವಿಲ್ಲವೆಂದು ಭಾವಿಸಿದ್ದೇನೆ. ಹಾಗಲ್ಲ, ತೋಟವೂ ತಮ್ಮದೇ, ತಲೆಯೂ ತಮ್ಮದೇ ಎನ್ನುವುದಾದರೆ ಭಾನುವಾರ ಸಂಜೆಯೊಳಗೆ ಒಂದು ಫೋನ್ ಮಾಡಿ. ಕಂಪ್ಯೂಟರಿನಲ್ಲಿ ತಿದ್ದುವುದು ತಮಗೆ ಇಷ್ಟವಿಲ್ಲವೆಂದು ಬಲ್ಲೆ, ಆದರೂ ತಮಗೋಸ್ಕರ ಅಷ್ಟನ್ನು ಮಾತ್ರ ಕತ್ತರಿಸಿ, ಬರೀ ತೋಟ ಹಾಕುತ್ತೇನೆ.