ಹಾಯಿದೋಣಿಗೆ ಆಯುಧಪೂಜೆ

ಆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷದವರೆಗೆ ಎಲ್ಲವೂ ಸರಿಯಾಗಿತ್ತು. ಇದಕ್ಕೆ ನನ್ನ ಫೋನಿನಲ್ಲಿ ದಾಖಲೆಯಿದೆ. ಆ ಹೊತ್ತಿನ ಫೋಟೊದಲ್ಲಿ ನಮ್ಮವರು ದೋಣಿಯೊಳಗೆ ಕೂತು, ತೊಡೆಯ ಮೇಲೆ ಬೂದುಗುಂಬಳಕಾಯಿ ಇಟ್ಟುಕೊಂಡು ನಗುತ್ತಿದ್ದಾರೆ. ಅದರ ಮುಂದಿನ ಫೋಟೊದಲ್ಲಿ ಬರೀ ಆಕಾಶವಿದೆ.

ನಮ್ಮವರು, ಅಂದರೆ ಡಾಕ್ಟರ್ ರಘುನಂದನ್, ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞರು. ಹಗಲೂ ರಾತ್ರಿ ಜನರನ್ನು ಮಲಗಿಸಿ ಮಲಗಿಸಿ ಬೇಸರವಾಯಿತೆಂದು ಹೋದ ಬೇಸಿಗೆಯಲ್ಲಿ ಹನ್ನೆರಡಡಿಯ ಒಂದು ಹಳೆಯ ಹಾಯಿದೋಣಿ ಕೊಂಡರು. ಅವರಿಗೆ ಈಜು ಬರುವುದಿಲ್ಲ.

"ಈಜು ಬಾರದವರಿಗೇ ಅಲ್ವೇನೇ ದೋಣಿ ಇರೋದು?" ಎಂಬುದು ಅವರ ವಾದ. 

ಅಕ್ಟೋಬರ್ ಬಂತೆಂದರೆ ಊರಾಚೆಯ ಜಲಾಶಯದ ಸೈಲಿಂಗ್ ಕ್ಲಬ್ಬಿನಲ್ಲಿ ದೋಣಿಗಳನ್ನು ಚಳಿಗಾಲಕ್ಕೆ ಎತ್ತಿಡುವ ಕೆಲಸ. ಹಾಯಿ ಬಿಚ್ಚಿ ಮಡಚಬೇಕು, ಕಂಬ ಇಳಿಸಬೇಕು, ಚುಕ್ಕಾಣಿ ಕಳಚಬೇಕು, ಹಗ್ಗಗಳನ್ನು ಬಕೆಟ್ಟಿನ ಸೋಪಿನ ನೀರಿನಲ್ಲಿ ನೆನೆಸಬೇಕು. ಒಳಗೆ ಸೇರಿದ ನೀರು ಬಸಿದುಹೋಗಲೆಂದು ತಳದ ಬಿರಡೆಗಳನ್ನೆಲ್ಲ ತೆಗೆದಿಡಬೇಕು. ಒಟ್ಟಿನಲ್ಲಿ, ದೋಣಿಯಲ್ಲಿ ದೋಣಿಯ ಗುಣ ಒಂದೂ ಉಳಿಯದ ಹಾಗೆ ನೋಡಿಕೊಳ್ಳಬೇಕು. ನಮ್ಮವರು ಕ್ಲಬ್ಬಿನವರು ಕೊಟ್ಟ ಪಟ್ಟಿ ಹಿಡಿದು ಚಾಚೂ ತಪ್ಪದೆ ಇದನ್ನೆಲ್ಲ ಮಾಡಿದರು. ತಮ್ಮ ಲೈಫ್ ಜಾಕೆಟ್ಟನ್ನೂ ತೊಳೆದು ಬೇಲಿಯ ಮೇಲೆ ಒಣಹಾಕಿದರು!

ಪಟ್ಟಿಯಲ್ಲಿ ಇಲ್ಲದ ಒಂದೇ ಒಂದು ಕೆಲಸವನ್ನು ಸೇರಿಸಿದವಳು ನಾನು. ಹಬ್ಬ ಬಂದದ್ದು ವಾರದ ನಡುವೆ, ಆಸ್ಪತ್ರೆಯ ರೋಟಾ, ಅಂದರೆ ಡ್ಯೂಟಿ ಪಟ್ಟಿ, ಬಿಡಬೇಕಲ್ಲ? ಇಲ್ಲಿ ನಮ್ಮ ದೇವರುಗಳೆಲ್ಲ ಭಾನುವಾರದವರೆಗೆ ಕಾಯಲು ಕಲಿತಿದ್ದಾರೆ. ಕಾರಿಗೆ, ಮಿಕ್ಸಿಗೆ, ನಮ್ಮವರ ಸ್ಟೆತಸ್ಕೋಪಿಗೆ ಪೂಜೆ ಮಾಡಿ ದೋಣಿಯೊಂದನ್ನು ಬಿಟ್ಟರೆ ಅದು ಏನೆಂದುಕೊಂಡೀತು? ನಮ್ಮವರ ಅಂಗಡಿಗಳಿರುವ ಲೆಸ್ಟರಿಗೆ ಹೋಗಿ ಬೂದುಗುಂಬಳಕಾಯಿ ತಂದೆ. ಅದಕ್ಕೆ ತೂತು ಕೊರೆದು ಕುಂಕುಮ ತುಂಬಿದೆ. ಹೂವು, ತೆಂಗಿನಕಾಯಿ, ಕರ್ಪೂರ, ಯಾವುದಕ್ಕೂ ಕೊರತೆಯಿರಲಿಲ್ಲ.

"ಎಲ್ಲಾ ಸರಿ ಸುಮಾ, ನಿಂಬೆಹಣ್ಣು ಎಲ್ಲಿಡ್ತೀಯ? ದೋಣಿಗೆ ಚಕ್ರ ಎಲ್ಲಿದೆ?" ಎಂದರು ನಮ್ಮವರು.

"ಟ್ರಾಲಿಗೆ ಇದೆಯಲ್ರೀ, ಎರಡು!"

ನನ್ನ ಜಾಣತನಕ್ಕೆ ನಾನೇ ಬೆರಗಾದೆ. ದೋಣಿಯನ್ನು ಹೊತ್ತ ಕೈಗಾಡಿ, ಅಂದರೆ ಟ್ರಾಲಿ, ನೀರಿಗೆ ಇಳಿಯುವ ಕಾಂಕ್ರೀಟ್ ಇಳಿಜಾರಿನ ಮೇಲ್ತುದಿಯಲ್ಲಿ ನಿಂತಿತ್ತು. ತೊಳೆಯಲು ನಲ್ಲಿ ಇದ್ದದ್ದು ಅಲ್ಲೇ. ಚಕ್ರಗಳ ಮೇಲ್ಬದಿಯಲ್ಲಿ ನಿಂಬೆಹಣ್ಣು ಇಡೋಣವೆಂದರೆ ಹೆಬ್ಬಾತುಗಳು ರಂಗೋಲಿ ಹಾಕಿದಂತೆ ಹಿಕ್ಕೆ ಹಾಕಿದ್ದವು. ನೀರಿನ ಕಡೆಯ ಕೆಳಬದಿ ಚೊಕ್ಕವಾಗಿತ್ತು. ಆದರೆ ಅಲ್ಲಿ ಚಕ್ರಕ್ಕೆ ಒತ್ತಿಟ್ಟ ಎರಡು ಇಟ್ಟಿಗೆಗಳಿದ್ದವು.

ನಾನು ಮೈಸೂರಿನಲ್ಲಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಇಳಿಜಾರಿನ ಮೇಲಿಟ್ಟ ವಸ್ತು ಏಕೆ ಜಾರುತ್ತದೆ ಎಂಬುದನ್ನು ಇಲ್ಲಿಯ ಶಾಲೆಯೊಂದರಲ್ಲಿ ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅಂಥ ನಾನು ಇಟ್ಟಿಗೆಗಳನ್ನು ತೆಗೆದು ಪಕ್ಕಕ್ಕೆ ಜೋಡಿಸಿ, ಆ ಜಾಗದಲ್ಲಿ ಎರಡು ನಿಂಬೆಹಣ್ಣು ಇಟ್ಟು, ಮೇಲೆ ಚೂರು ಅರಿಶಿನ ಉದುರಿಸಿದೆ. ಟ್ರಾಲಿಯನ್ನು ಗೋಡೆಯಲ್ಲಿರುವ ಕಬ್ಬಿಣದ ಬಳೆಗೆ ಹಗ್ಗ ಹಾಕಿ ಕಟ್ಟಿರುತ್ತಾರಲ್ಲ, ಎರಡು ನಿಮಿಷಕ್ಕೆ ಏನಾದೀತು?

ನಮ್ಮವರು ದೋಣಿಯೊಳಗೆ ಕೂತು ಸ್ಪಂಜಿನಿಂದ ತಳ ಒರೆಸುತ್ತಿದ್ದರು. ನಾನು ಕುಂಬಳಕಾಯಿಯನ್ನು ಅವರ ತೊಡೆಗೆ ಏರಿಸಿ, ಬಲಗೈಯಲ್ಲಿ ಆರತಿ ತಟ್ಟೆ, ಎಡಗೈಯಲ್ಲಿ ಫೋನು ಹಿಡಿದು ನಿಂತೆ.

"ನಗ್ರೀ. ಅತ್ತೆಗೆ ಕಳಿಸಬೇಕು."

ನಕ್ಕರು. ಆ ನಿಂಬೆಹಣ್ಣುಗಳು, ಪಾಪ, ಅಷ್ಟು ಹೊತ್ತು ತಡೆದಿದ್ದೇ ಹೆಚ್ಚು. ಅವರು ಚೂರು ಹಿಂದಕ್ಕೆ ಒರಗಿದರು.

ಪಚ್! ಪಚ್!

ಶಾಸ್ತ್ರೋಕ್ತವಾಗಿ, ಎರಡೂ ಒಟ್ಟಿಗೇ ಒಡೆದವು. ನನಗೆ ಎಂಥ ಸಂತೋಷವಾಯಿತೆಂದರೆ, ಟ್ರಾಲಿ ಹೊರಟಿದೆ ಎಂಬುದು ತಲೆಗೆ ಹೋಗಲು ಒಂದು ಕ್ಷಣ ಹಿಡಿಯಿತು. ಆ ಕ್ಷಣದಲ್ಲಿ ನಮ್ಮವರು ನನ್ನಿಂದ ದೂರ ದೂರ, ಹಿಮ್ಮುಖವಾಗಿ, ಇನ್ನೂ ನಗುತ್ತಲೇ ಹೋದರು. ಟ್ರಾಲಿ ನೀರಿಗೆ ನುಗ್ಗಿತು. ದೋಣಿ ಅದರಿಂದ ಕಳಚಿಕೊಂಡು ಜಲಾಶಯದ ನಡುವಿಗೆ ತೇಲಿತು.

ಹಾಯಿ ಇಲ್ಲ, ಚುಕ್ಕಾಣಿ ಇಲ್ಲ, ಹುಟ್ಟು ಇಲ್ಲ. ತಳದಲ್ಲಿ ತೂತುಗಳು ಮಾತ್ರ ಇವೆ.

"ಸುಮಾ, ನೀರು ಬರ್ತಿದೆ!"

"ಬಿರಡೆ ಎಲ್ರೀ?"

"ಜೇಬಲ್ಲಿದೆ!"

"ಹಾಕ್ರೀ ಮತ್ತೆ!"

"ಯಾವುದು ಯಾವ ತೂತಿನದು ಅಂತ ಚೀಟಿ ಬರೆದಿದ್ದೆ ಕಣೇ, ಒದ್ದೆಯಾಗಿ ಅಳಿಸಿಹೋಗಿದೆ!"

ಈ ಸಂಭಾಷಣೆ ಬರೆಯುವಾಗ ನಗು ಬರುತ್ತದೆ. ಆಗ ಬಂದಿರಲಿಲ್ಲ. ದೋಣಿಯ ಅಂಚು ನೀರಿನ ಮಟ್ಟಕ್ಕೆ ಇಳಿಯುತ್ತಿರುವುದು ದಡಕ್ಕೆ ಕಾಣುತ್ತಿತ್ತು. ಅಲ್ಲಿ ಎರಡಾಳು ಆಳವಿದೆ. ಚಳಿಗೆ ಕೈಕಾಲು ಮರಗಟ್ಟಲು ಬಹಳ ಹೊತ್ತು ಬೇಡ ಎಂದು ಕ್ಲಬ್ಬಿನ ಬೋರ್ಡಿನಲ್ಲೇ ಬರೆದಿದೆ. ನನಗೂ ಈಜು ಬರುವುದಿಲ್ಲ. ಏನಾದರೂ ಎಸೆಯಬೇಕೆಂದು ಹೊಳೆದು, ತೇಲುವ ವಸ್ತುವೆಂಬ ವೈಜ್ಞಾನಿಕ ಕಾರಣಕ್ಕೆ ತೆಂಗಿನಕಾಯಿ ಎಸೆದೆ. ಅದು ಅವರ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

"ಏಯ್, ಸಾಯಿಸ್ತೀಯೇನೇ!"

ಅದೇ ಹೊತ್ತಿಗೆ ದೋಣಿ ಒಂದು ಬದಿಗೆ ವಾಲಿ ಮುಳುಗಿತು. ನಮ್ಮವರು ಕಾಣಲಿಲ್ಲ. ಎಷ್ಟು ಹೊತ್ತು ಎಂದು ಆಮೇಲೆ ಎಷ್ಟೋ ಸಲ ಎಣಿಸಿ ನೋಡಿದ್ದೇನೆ. ಪ್ರತಿ ಸಲ ಬೇರೆ ಲೆಕ್ಕ ಬರುತ್ತದೆ. ಆಮೇಲೆ ಮೊದಲು ಕುಂಬಳಕಾಯಿ ಮೇಲೆ ಬಂತು. ಅದನ್ನು ತಬ್ಬಿಕೊಂಡು ನಮ್ಮವರು ಬಂದರು.

ನಾನು ಕಿರುಚಿದ್ದಕ್ಕೆ ಕ್ಲಬ್ಬಿನ ಮೇಲ್ವಿಚಾರಕ ಕೀತ್ ಓಡಿ ಬಂದ. ಎಪ್ಪತ್ತು ದಾಟಿದ ಮನುಷ್ಯ. ಮೋಟಾರು ದೋಣಿಯನ್ನು ಅವನು ಹಿಂದಿನ ದಿನವಷ್ಟೇ ಚಳಿಗಾಲಕ್ಕೆ ಎತ್ತಿಟ್ಟಿದ್ದ. ಬೈಯುತ್ತಲೇ ಹುಟ್ಟಿನ ದೋಣಿ ಎಳೆದು, ಹುಟ್ಟು ಹಾಕಿಕೊಂಡು ಹೋದವನು ಅರ್ಧ ದಾರಿಯಲ್ಲೇ ನನ್ನ ಕಡೆ ತಿರುಗಿ ಕೂಗಿದ: "ಆಂಬ್ಯುಲೆನ್ಸ್ ಕರಿ ಬ್ಯಾಬ್! ತಲೆ ಒಡೆದಿದೆ! ರಕ್ತ!"

ಈ ಊರಿನ ಹಿರಿಯರಿಗೆ ಎಲ್ಲರೂ 'ಬ್ಯಾಬ್'. ಆದರೆ ಅದು ರಕ್ತವಲ್ಲ, ಕಾಲು ಕಿಲೋ ಕುಂಕುಮ! ಹೇಳೋಣವೆಂದರೆ, ಪಕ್ಕದ ದೋಣಿಯವರು ಅಷ್ಟರಲ್ಲೇ ಫೋನ್ ಮಾಡಿಬಿಟ್ಟಿದ್ದರು.

ದಡಕ್ಕೆ ತಂದು ಕೂರಿಸಿದಾಗ ನಮ್ಮವರ ಹಲ್ಲು ಕಟಕಟ ಎನ್ನುತ್ತಿತ್ತು. ತುಟಿ ನೀಲಿ, ಮಿಕ್ಕದ್ದೆಲ್ಲ ಕೆಂಪು. ಸಾವಿನ ಬಾಯಿಂದ ಬಂದ ಗಂಡ ಹೆಂಡತಿಗೆ ಆಡಿದ ಮೊದಲ ಮಾತು:

"ನನ್ನ ಬಕೆಟ್ ಎಲ್ಲಿ?"

ಚಳಿಗೆ ತಲೆ ಕೆಟ್ಟಿತೆಂದು ನಾನು ಅತ್ತೆ. ನಲ್ಲಿಯ ಬಳಿಯಿದ್ದ ಆ ಬಕೆಟ್ ತಬ್ಬಿಕೊಂಡೇ ಅವರು ಆಂಬ್ಯುಲೆನ್ಸ್ ಹತ್ತಿದರು. ಆ ಗಲಾಟೆಯಲ್ಲಿ ನಾನು, ಯಾರೂ ನೋಡದ ಹಾಗೆ, ಎರಡು ಇಟ್ಟಿಗೆಗಳನ್ನು ಕಾಲಿನಿಂದ ನೀರಿಗೆ ತಳ್ಳಿದೆ. ಹೌದು, ಸಾಕ್ಷ್ಯನಾಶ!

ಆಸ್ಪತ್ರೆಯಲ್ಲಿ ಗಾಯ ಹುಡುಕಿ ಹುಡುಕಿ ಸೋತರು. ಅಲ್ಲಿದ್ದವರೆಲ್ಲ ಇವರ ಪರಿಚಯದವರೇ. ಬೆಚ್ಚಗೆ ಹೊದಿಸಿ, ಸಂಜೆಗೆ ಮನೆಗೆ ಕಳಿಸಿದರು. ಕುಂಕುಮ ಮಾತ್ರ ಹೋಗಲಿಲ್ಲ. ಆ ವಾರವೆಲ್ಲ ಇವರು ಆಪರೇಷನ್ ಥಿಯೇಟರಿನಲ್ಲಿ ನಾಚಿದ ಮದುಮಗನ ಹಾಗೆ ಓಡಾಡಿದರು.

"ಇಟ್ಟಿಗೆ ಜಾರಿರಬೇಕು," ಎಂದರು ಎಲ್ಲರಿಗೂ. ಬೈಯಲಿಲ್ಲ, ಕೂಗಾಡಲಿಲ್ಲ. ಅದೇ ನನ್ನ ಪ್ರಾಣ ತಿಂದಿತು. ಕಣ್ಣು ಮುಚ್ಚಿದರೆ ಸಾಕು, ಪಚ್ ಪಚ್, ಆ ನಗುಮುಖ, ಹಿಮ್ಮುಖ. ಎದ್ದು ಕೂರುತ್ತಿದ್ದೆ. ಗಂಡನನ್ನು ಕೊಲ್ಲಲು ಹೊರಟವಳು, ಅದನ್ನು ಮುಚ್ಚಿಟ್ಟವಳು ಎಂದು ನನ್ನನ್ನೇ ಕಟಕಟೆಗೆ ಹತ್ತಿಸುತ್ತಿದ್ದೆ. ಪಕ್ಕದಲ್ಲಿ ಇವರೂ ಹೊರಳಾಡುತ್ತಿದ್ದರು. ಇನ್ನೂ ಚಳಿ ಹೋಗಿಲ್ಲವೇನೋ ಎಂದು ಮತ್ತೊಂದು ರಜಾಯಿ ಹೊದಿಸುತ್ತಿದ್ದೆ.

ಮೂರು ವಾರದ ಮೇಲೆ ಕ್ಲಬ್ಬಿನಿಂದ ಫಾರಂ ಬಂತು. ಅಪಘಾತ ವರದಿ! ಮೊದಲ ಹಾಳೆ ಸದಸ್ಯರಿಗೆ, ಎರಡನೆಯದು ಸಾಕ್ಷಿಗೆ: 'ತಾವು ಕಂಡದ್ದನ್ನು ಕಂಡಂತೆ ಬರೆಯಿರಿ.' ಶನಿವಾರ ಮಧ್ಯಾಹ್ನ ಊಟದ ಮೇಜಿನ ಆ ಕಡೆ ಅವರು, ಈ ಕಡೆ ನಾನು ಕೂತೆವು. ನಾನು ಬರೆದೇಬಿಟ್ಟೆ. ಇಟ್ಟಿಗೆ ತೆಗೆದದ್ದು, ನೀರಿಗೆ ತಳ್ಳಿದ್ದು, ಎಲ್ಲ. ಕಣ್ಣು ಮುಚ್ಚಿ ಹಾಳೆಯನ್ನು ಅವರತ್ತ ಸರಿಸಿದೆ. ಅವರೂ ತಮ್ಮದನ್ನು ಸರಿಸಿದರು, ನನ್ನ ಮುಖ ನೋಡದೆ.

ಅದರಲ್ಲಿ ಬರೆದಿತ್ತು: 'ಟ್ರಾಲಿಯ ಹಗ್ಗವೂ ಕೊಳೆಯಾಗಿದೆಯೆಂದು ನಾನು ಅದನ್ನು ಬಿಚ್ಚಿ ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಇಟ್ಟಿಗೆ ಇದೆಯಲ್ಲ ಎಂದುಕೊಂಡೆ. ತಪ್ಪೆಲ್ಲ ನನ್ನದೇ. ನನ್ನ ಹೆಂಡತಿಗೆ ಇದು ಇನ್ನೂ ಗೊತ್ತಿಲ್ಲ.'

"ಅಯ್ಯೋ, ಹಗ್ಗ ಇರ್ಲಿಲ್ವಾ?" ಎಂದೆ.

"ಇಟ್ಟಿಗೆ ನೀನು ತೆಗೆದ್ಯಾ?" ಎಂದರು.

"ಆದ್ರೂ ತಪ್ಪು ನಂದೇ."

"ನಿಂದು ಹೇಗಾಗುತ್ತೆ? ಹಗ್ಗ ಇದ್ದಿದ್ರೆ ನೀನು ಏನು ಕಿತ್ತಿದ್ರೂ ನಿಲ್ತಿತ್ತು."

"ಭೌತಶಾಸ್ತ್ರ ಓದಿದವಳು ನಾನ್ರೀ!"

"ದೋಣಿ ನಂದು ಕಣೇ!"

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ತಪ್ಪು ತನ್ನದೇ ಎಂದು ಇಬ್ಬರೂ ಹಟ ಹಿಡಿದು ಜಗಳವಾಡಿದ್ದು ಅದೇ ಮೊದಲು. ಬಹುಶಃ ಅದೇ ಕೊನೆ. ಜೋರಾಗಿ ಆಡಿದೆವು. ನಡುವೆ ಎಲ್ಲೋ ಇವರು ನನ್ನ ಕೈ ಹಿಡಿದರು. ಆ ಕೈ ಬೆಚ್ಚಗಿತ್ತು. 'ಕಾರಣ' ಎಂಬಲ್ಲಿ 'ಜಂಟಿ' ಎಂದು ಬರೆದು ಇಬ್ಬರೂ ಸಹಿ ಹಾಕಿದೆವು.

ನವೆಂಬರಿನ ಆ ಮೊದಲ ಶನಿವಾರ ರಾತ್ರಿ, ಇಲ್ಲಿಯ ಪಟಾಕಿ ಹಬ್ಬಕ್ಕೆಂದು, ನಮ್ಮ ಬಡಾವಣೆ ಹಾರ್ಬೋರ್ನ್‌ನವರೆಲ್ಲ ಸೇರಿ ಪಟಾಕಿ ಹೊಡೆದರಂತೆ, ಕಿಟಕಿ ಗಾಜು ನಡುಗಿದವಂತೆ. ಪಕ್ಕದ ಮನೆಯವರು ಹೇಳಿದ್ದು. ನಾವಿಬ್ಬರೂ ಅದೊಂದೂ ಕೇಳಿಸದೆ ಮಲಗಿ, ಬೆಳಿಗ್ಗೆ ಒಂಬತ್ತಕ್ಕೆ ಎದ್ದೆವು. ಮೂರು ವಾರ ಒಬ್ಬಳೇ ಹೊತ್ತು ನಿದ್ದೆಗೆಟ್ಟ ಮಹಾಪರಾಧದಲ್ಲಿ ನನ್ನ ಪಾಲು ಬರೀ ಅರ್ಧ ಎಂದು ತಿಳಿದದ್ದು ದೊಡ್ಡ ನೆಮ್ಮದಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಳ್ಳೇಕೆ ಹೇಳಲಿ, ಸ್ವಲ್ಪ ಅವಮಾನವೂ ಆಯಿತು.