ಸಂಘದ ಸಾಲದಲ್ಲಿ ಕೊಂಡ ಹಸು

ಸುಳ್ಳು ಹೇಳುವುದರಲ್ಲಿ ನಾನು ಮೊದಲಿನಿಂದಲೂ ದಡ್ಡಿ. ಹೇಳಿದ ಸುಳ್ಳಿಗೆ ಹುಲ್ಲು ಹಾಕಿ ಸಾಕಬೇಕಾಗುತ್ತದೆ ಎಂಬುದು ಐವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು.

ಪಿಯುಸಿ ಮುಗಿದ ವರ್ಷವೇ ನನ್ನ ಮದುವೆ. ಅಣ್ಣ ದೊಡ್ಡಬಳ್ಳಾಪುರದ ಕಾಲೇಜಿಗೆ ಹೋದ. ನಾನು ಕುಂದಾಣದ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದೆ. ಅಂದಿನಿಂದ ಕಾಲೇಜು ಹುಡುಗಿಯರು ಬಸ್ಸು ಹತ್ತುವುದನ್ನು ಕಂಡಾಗಲೆಲ್ಲ ಬಸ್ಸು ಮರೆಯಾಗುವವರೆಗೂ ನಿಂತು ನೋಡುತ್ತಿದ್ದೆ. ಬಿ.ಎ. ಓದಬೇಕು, ಅದರಲ್ಲೂ ಹಿಸ್ಟರಿ ಓದಬೇಕು. ಕೆಲಸ ಸಿಗಲೆಂದಲ್ಲ, ಸುಮ್ಮನೆ ಆಸೆ. ಮಗಳ ಮದುವೆಯಾದ ಮೇಲೆ ದೂರಶಿಕ್ಷಣದ ಅರ್ಜಿ ತಂದೆ. ಯಜಮಾನರು, "ಓದ್ಕೋ. ಫೀಸು ಮಾತ್ರ ನನ್ನ ಕೇಳ್ಬೇಡ, ಮಗಳ ಮದ್ವೇಲೇ ಜೇಬು ಖಾಲಿ" ಎಂದರು. ಓದಿಗೆ ಸಾಲ ಕೇಳಲು ಹೋದರೆ ಬ್ಯಾಂಕಿನವರು "ವಿದ್ಯಾರ್ಥಿ ಎಲ್ಲಿದಾರಮ್ಮ?" ಎಂದು ನನ್ನ ಬೆನ್ನ ಹಿಂದೆ ಹುಡುಕಿದರು. ನಾನೇ ಎಂದಾಗ, "ತಂದೇನ ಕರ್ಕೊಂಡು ಬನ್ನಿ, ಸೈನ್ ಹಾಕ್ಬೇಕು" ಎಂದರು. ಅಪ್ಪ ತೀರಿಕೊಂಡು ಹತ್ತು ವರ್ಷವಾಗಿದೆ.

ಉಳಿದದ್ದು ನಮ್ಮೂರಿನ ಮಹಿಳಾ ಸಂಘ. ಅಲ್ಲಿ ಹಸುವಿಗೆ ಸಾಲ ಕೊಡುತ್ತಾರೆ, ಹೊಲಿಗೆ ಮೆಷಿನ್ನಿಗೆ ಕೊಡುತ್ತಾರೆ, ಮಕ್ಕಳ ಓದಿಗೂ ಕೊಡುತ್ತಾರೆ; ಮಕ್ಕಳ ತಾಯಿಯ ಓದಿಗೆ ಇಲ್ಲ. ಅರ್ಜಿಯಲ್ಲಿ 'ಹಸು' ಎಂದು ಬರೆದುಬಿಟ್ಟೆ. ಹಣ ಬಂತು, ಅಡ್ಮಿಷನ್ ಆಯಿತು, ಪುಸ್ತಕಗಳೂ ಬಂದವು. ಯಾರ ಮನೆಗೆ ಹೊಸ ಹಸು ಬಂದರೂ ಸಂಘದವರೆಲ್ಲ ಹೋಗಿ ಅದಕ್ಕೆ ಅರಿಶಿನ ಕುಂಕುಮವಿಟ್ಟು ಬಾಳೆಹಣ್ಣು ತಿನ್ನಿಸುವ ಪದ್ಧತಿ ಮಾತ್ರ ನನಗೆ ಮರೆತೇಹೋಗಿತ್ತು.

ಶುಕ್ರವಾರ ಒಂಬತ್ತು ಜನ ತಟ್ಟೆ ಹಿಡಿದು ಬಂದೇಬಿಟ್ಟರು. ಮುಂದೆ ಅಧ್ಯಕ್ಷೆ ರತ್ನಕ್ಕ.

"ಎಲ್ಲೇ ಹಸು?"

ಮೇಯಲು ಹೋಗಿದೆ ಎನ್ನಬಹುದಿತ್ತು. ಆಗ ಅದು ಹೊಳೆಯಲಿಲ್ಲ. ಪುಸ್ತಕದ ಕಟ್ಟು ತಂದು ಜಗಲಿಯ ಮೇಲಿಟ್ಟೆ. "ಇದೇ ಕಣಕ್ಕ. ಈಗ ದುಡ್ಡು ವಾಪಸ್ ಕೇಳಿದ್ರೆ ಪರೀಕ್ಷೆ ಫೀಸು ಕಟ್ಟಕ್ಕಾಗಲ್ಲ. ನಂಗೆ ಓದ್ಬೇಕು ಅಂತ ಬಹಳ ಆಸೆ..." ಎನ್ನುವಷ್ಟರಲ್ಲಿ ಅಳು ಬಂತು.

ರತ್ನಕ್ಕ ಒಂದು ಪುಸ್ತಕ ತೆಗೆದು ಪುಟಗಳ ಮೇಲೆ ಕೈಯಾಡಿಸಿದಳು. "ನನ್ನ ಏಳನೇ ಕ್ಲಾಸಿಗೇ ಬಿಡ್ಸಿದ್ರು" ಎಂದಳು. ಆಮೇಲೆ ನನ್ನ ಹಣೆಗೆ ಕುಂಕುಮವಿಟ್ಟು, ಬಾಳೆಹಣ್ಣು ಸುಲಿದು ಬಾಯಿಗೆ ತುರುಕಿದಳು. "ಹಸು ನೋಡಾಯ್ತು, ನಡೀರಮ್ಮ. ಲೇ, ಫೇಲಾದ್ರೆ ಮಾತ್ರ ಸಂತೇಲಿ ಮಾರ್ಬಿಡ್ತೀವಿ!"

ಸಂಘದ ಲೆಕ್ಕದಲ್ಲಿ ಹಸು ಸಾಕಿರುವ ನಾನು ದಿನಾ ಬೆಳಗ್ಗೆ ರತ್ನಕ್ಕನ ಮನೆಯಿಂದಲೇ ಅರ್ಧ ಲೀಟರ್ ಹಾಲು ತರುತ್ತೇನೆ. ಅಳೆಯುವ ಮುಂಚೆ ಅವಳು, "ನಿನ್ನೆ ಓದಿದ್ದು ಹೇಳು" ಎಂದು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂರುತ್ತಾಳೆ. ಅಶೋಕನ ಯುದ್ಧದ ಕಥೆಗೆ ಕಣ್ಣೊರೆಸಿಕೊಂಡಳು. ನಾನು ಓದದ ದಿನ ಹಾಲಿಲ್ಲ. ಅವತ್ತು ಯಜಮಾನರ ಮುಂದೆ ಕರಿ ಕಾಫಿ ಇಟ್ಟು, "ಹಸು ಒದೀತು ಕಣ್ರೀ" ಎನ್ನುತ್ತೇನೆ.